ಬೆಳಗ್ಗಿನ ಶುಗರಿಗೆ ಸಾಂಬಾರು ಹೊಣೆಯೇ?

ಕಾಸರಗೋಡು ಜಿಲ್ಲೆಯ ಬದಿಯಡ್ಕ, ಮುಳ್ಳೇರಿಯ ಕಡೆಯ ಒಂದು ಅಡಿಕೆ ತೋಟದ ಮನೆ. ಗಂಡನಿಗೆ ಅರವತ್ತು ದಾಟಿದೆ, ಹೆಂಡತಿಗೆ ಐವತ್ತೈದರ ಹತ್ತಿರ. ಇಲ್ಲಿ ಅವರನ್ನು ಕೇಶವಣ್ಣ, ಸುಮತಿಯಕ್ಕ ಎಂದು ಕರೆಯುತ್ತೇನೆ. ಹೆಸರು ಮತ್ತು ಗುರುತು ಸಿಗುವ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಇಬ್ಬರೂ ಒಪ್ಪಿದ್ದಾರೆ. ಮಧುಮೇಹ ಇರುವುದು ಕೇಶವಣ್ಣನಿಗೆ. ಸಲಹೆಗಾರ್ತಿಯಾದ ನನ್ನ ಹತ್ತಿರ ಮೊದಲು ಬಂದದ್ದು ಸುಮತಿಯಕ್ಕ.

ಮಗ ದುಬೈಯಿಂದ ರಜೆಗೆ ಬಂದಾಗ ಅಪ್ಪನಿಗೆ ಮನೆಯಲ್ಲೇ ರಕ್ತದ ಸಕ್ಕರೆ ಅಳೆಯುವ ಗ್ಲೂಕೋಮೀಟರ್ ತಂದುಕೊಟ್ಟಿದ್ದ. ಅಂದಿನಿಂದ ಕೇಶವಣ್ಣ ಬೆಳಗ್ಗೆ ಎದ್ದ ಕೂಡಲೇ ಬೆರಳು ಚುಚ್ಚಿ ನೋಡುತ್ತಾರೆ. 130ರ ಒಳಗೆ ಬಂದರೆ ಮನೆ ಶಾಂತ. 150 ಬಂದರೆ, "ನಿನ್ನೆ ರಾತ್ರಿ ಸಾಂಬಾರಿಗೆ ಎಂತ ಹಾಕಿದ್ದಿ?" ಎಂದು ಶುರು. ಅಕ್ಕ ಮೊದಲು ಸಾಂಬಾರಿಗೆ ಹಾಕುತ್ತಿದ್ದ ಚೂರು ಬೆಲ್ಲ ಬಿಟ್ಟರು. ಆಮೇಲೆ ತೆಂಗಿನಕಾಯಿ ಕಡಿಮೆ ಮಾಡಿದರು. ಆಮೇಲೆ ಗಂಡನಿಗೊಂದು ಅಡುಗೆ, ಉಳಿದವರಿಗೊಂದು. ರಾತ್ರಿ ಅನ್ನ ಹೋಗಿ ಚಪಾತಿ ಬಂತು. ಸಂಖ್ಯೆ ಮಾತ್ರ ಯಾವುದಕ್ಕೂ ಕ್ಯಾರೇ ಅನ್ನದೆ ಏರುತ್ತಿತ್ತು, ಇಳಿಯುತ್ತಿತ್ತು.

"ಆ ಮೀಟರಿನ ಪೀಂ ಅನ್ನುವ ಸದ್ದು ಕೇಳಿದರೆ ನನ್ನ ಎದೆ ಹೊಡೆದುಕೊಳ್ಳುತ್ತದೆ ಮೇಡಂ. ನನ್ನ ಕೈಯಡುಗೆಯಿಂದಲೇ ಇವರ ಆರೋಗ್ಯ ಹಾಳಾಗುತ್ತಾ ಉಂಟಾ ಅಂತ ಅನಿಸುತ್ತದೆ" ಎಂದು ಅವರು ಕಣ್ಣೊರೆಸಿಕೊಂಡರು.

ಮಧುಮೇಹ ಇರುವ ಮನೆಗಳಲ್ಲಿ ಈ ಭಾರ ಒಲೆಯ ಮುಂದೆ ನಿಂತವರ ತಲೆಗೆ ಬರುವುದನ್ನು ಮತ್ತೆ ಮತ್ತೆ ನೋಡಿದ್ದೇನೆ. ಅದಕ್ಕೇ ಈ ಪ್ರಕರಣವನ್ನು ಸ್ವಲ್ಪ ವಿವರವಾಗಿ ಬರೆಯುತ್ತಿದ್ದೇನೆ.

ಅಕ್ಕನಿಗೆ ಮೊದಲು ಸಮಾಧಾನ ಹೇಳುವ ಬದಲು ದೇಹದ ಕೆಲಸ ಹೇಗೆ ನಡೆಯುತ್ತದೆ ಎಂದು ಹೇಳಿದೆ. ನಾವು ಮಲಗಿರುವಾಗಲೂ ಮೆದುಳಿಗೆ ಗ್ಲೂಕೋಸ್ ಬೇಕು. ಅದನ್ನು ಲಿವರ್ ತನ್ನಲ್ಲಿರುವ ದಾಸ್ತಾನಿನಿಂದ ರಕ್ತಕ್ಕೆ ಬಿಡುತ್ತಾ ಇರುತ್ತದೆ. ಬೆಳಗಿನ ಜಾವ ದೇಹ ಏಳಲು ತಯಾರಾಗುವಾಗ ಕೆಲವು ಹಾರ್ಮೋನುಗಳು ಜಾಸ್ತಿಯಾಗುತ್ತವೆ. ಆಗ ಲಿವರ್ ಇನ್ನಷ್ಟು ಬಿಡುತ್ತದೆ. ಮಧುಮೇಹ ಇಲ್ಲದವರಲ್ಲಿ ಇನ್ಸುಲಿನ್ ಇದನ್ನು ಸರಿದೂಗಿಸುತ್ತದೆ. ಇರುವವರಲ್ಲಿ ಅದು ಸಾಲದೆ ಹೋಗುತ್ತದೆ. ಹಾಗಾಗಿ ರಾತ್ರಿ ಹಿತಮಿತವಾಗಿ ಉಂಡವರಿಗೂ ಬೆಳಗ್ಗೆ 150 ಬರಬಹುದು. ನಿದ್ದೆ ಕೆಟ್ಟರೆ, ಜ್ವರ ಬಂದರೆ, ಮನಸ್ಸಿಗೆ ಚಿಂತೆ ಹತ್ತಿದರೆ ಇನ್ನೂ ಏರಬಹುದು. ಹೊಟ್ಟೆಬಿರಿಯ ಉಂಡು ಮಲಗಿದರೂ ಏರುತ್ತದೆ, ಅದು ನಿಜ. ಆದರೆ ಸಾಂಬಾರಿನ ಒಂದು ಚೂರು ಬೆಲ್ಲವನ್ನು ಹಿಡಿದು ಮರುದಿನ ಬೆಳಗ್ಗೆ ವಿಚಾರಣೆ ಮಾಡಲು ಆಗುವುದಿಲ್ಲ.

"ಇದನ್ನು ನೀವೇ ಅವರಿಗೆ ಹೇಳಿ" ಎಂದರು ಅಕ್ಕ.

ಮುಂದಿನ ಸಲ ಕೇಶವಣ್ಣ ಬಂದರು. ಕೈಯಲ್ಲಿ ಒಂದು ನೋಟ್‌ಬುಕ್ ಇತ್ತು. ಶಿಸ್ತಿನ ಮನುಷ್ಯ. ಒಂದು ದಿನವೂ ತಪ್ಪಿಸಿಲ್ಲ. 139, 151, 128, 147... ಎಲ್ಲವೂ ಬೆಳಗ್ಗಿನದ್ದೇ. ದಿನದ ಬೇರೆ ಹೊತ್ತಿನ ಒಂದೇ ಒಂದು ಲೆಕ್ಕ ಇಲ್ಲ.

ಅವರ ಶ್ರಮವನ್ನು ಮನಸಾರೆ ಮೆಚ್ಚಿದೆ. ಆಮೇಲೆ ಎರಡು ವಿಷಯ ತೋರಿಸಿದೆ. ಒಂದು, ಮನೆಯ ಮೀಟರ್ ಅಷ್ಟು ನಿಖರವಲ್ಲ. ಅಂತಾರಾಷ್ಟ್ರೀಯ ಮಾನದಂಡವೇ 100ಕ್ಕಿಂತ ಮೇಲಿನ ಅಳತೆಯಲ್ಲಿ ಶೇಕಡಾ 15ರಷ್ಟು ಆಚೀಚೆ ಆಗುವುದನ್ನು ಒಪ್ಪುತ್ತದೆ. ಲ್ಯಾಬಿನಲ್ಲಿ 145 ಇರುವ ರಕ್ತಕ್ಕೆ ಮೀಟರ್ 124 ತೋರಿಸಿದರೂ, 166 ತೋರಿಸಿದರೂ ಅದು ಕೆಟ್ಟ ಮೀಟರ್ ಅಲ್ಲ. ನಿನ್ನೆ 139, ಇವತ್ತು 151 ಎಂದು ಮನೆಯಲ್ಲಿ ಜಗಳ ಆಗಿತ್ತಲ್ಲ, ಆ ಎರಡೂ ಒಂದೇ ಆಗಿದ್ದಿರಬಹುದು.

ಎರಡನೆಯದು ಅವರ ಲ್ಯಾಬಿನ ಚೀಟಿಯಲ್ಲೇ ಇತ್ತು. ಎಚ್‌ಬಿಎ1ಸಿ 8.1. ಇದು ಸುಮಾರು ಮೂರು ತಿಂಗಳ ಸರಾಸರಿಯನ್ನು ಹೇಳುವ ಪರೀಕ್ಷೆ. 8.1 ಅಂದರೆ ಸರಾಸರಿ ಸಕ್ಕರೆ 186ರ ಆಸುಪಾಸು. ರಕ್ತಹೀನತೆಯಂಥ ತೊಂದರೆ ಇದ್ದರೆ ಈ ಲೆಕ್ಕ ತಪ್ಪಬಹುದು. ಇವರಿಗೆ ಅದು ಇರಲಿಲ್ಲ.

"ಬೆಳಗ್ಗೆ ನಿಮಗೆ 150ಕ್ಕಿಂತ ಮೇಲೆ ಹೋದದ್ದೇ ಕಡಿಮೆ. ಹಾಗಿದ್ದರೆ ಸರಾಸರಿ 186 ಆಗುವುದು ಹೇಗೆ ಅಣ್ಣ?"

ಅವರು ಸ್ವಲ್ಪ ಹೊತ್ತು ನೋಟ್‌ಬುಕ್ ನೋಡಿದರು. "ಹಾಗಾದರೆ ಹಗಲು ಎಲ್ಲೋ ಏರುತ್ತಾ ಉಂಟು."

ಆಗ ಸುಮತಿಯಕ್ಕ ನಡುವೆ ಬಾಯಿ ಹಾಕಿದರು. "ಏರುವುದು ನನಗೆ ಗೊತ್ತಿಲ್ಲ. ಮಧ್ಯಾಹ್ನ ಊಟಕ್ಕೆ ಮುಂಚೆ ಇವರ ಹತ್ತಿರ ಮಾತನಾಡಲಿಕ್ಕೇ ಆಗುವುದಿಲ್ಲ. ಕೈ ನಡುಗುತ್ತದೆ, ಅಂಗಿ ಎಲ್ಲ ಬೆವರು. ಬಡಿಸುವುದು ಎರಡು ನಿಮಿಷ ತಡವಾದರೆ ಬಟ್ಟಲು ದೂಡುತ್ತಾರೆ."

"ತೋಟದಲ್ಲಿ ಕೆಲಸ ಮಾಡಿ ಬಂದವನಿಗೆ ಬೆವರದೆ ಎಂತ?" ಎಂದರು ಅಣ್ಣ.

ನನಗೆ ಅದು ಬರೀ ತೋಟದ ಬೆವರು ಅನಿಸಲಿಲ್ಲ. ಮಾತ್ರೆ ಯಾವುದು ಎಂದು ಕೇಳಿದೆ. ಮೆಟ್‌ಫಾರ್ಮಿನ್, ಜೊತೆಗೆ ಗ್ಲಿಮೆಪಿರೈಡ್. ಈ ಎರಡನೆಯ ಮಾತ್ರೆ ದೇಹದಿಂದ ಇನ್ಸುಲಿನ್ ಹೊರಡಿಸುತ್ತದೆ. ಹೊಟ್ಟೆಗೆ ಬೇಕಾದಷ್ಟು ಹೋಗದಿದ್ದರೆ ಸಕ್ಕರೆಯನ್ನು ತೀರಾ ಕೆಳಗೆ ಇಳಿಸಬಹುದು. ಅದರ ಪರಿಣಾಮ ತುಂಬ ಹೊತ್ತು ಇರುತ್ತದೆ. ಕೇಶವಣ್ಣನಿಗೆ ಇದು ಗೊತ್ತೇ ಇರಲಿಲ್ಲ. ಔಷಧಿ ಅಂಗಡಿಯ ಕವರಿನ ಮೇಲಿನ ಸೂಚನೆ ಮಲಯಾಳದಲ್ಲಿತ್ತು. ಅವರು ಪೇಟೆಯಲ್ಲಿ ಸಲೀಸಾಗಿ ಮಲಯಾಳ ಮಾತನಾಡುತ್ತಾರೆ, ಓದಲು ಬರುವುದಿಲ್ಲ. ಕನ್ನಡ ಶಾಲೆಯಲ್ಲಿ ಕಲಿತ ಇಲ್ಲಿನ ಹಿರಿಯರಲ್ಲಿ ಹೀಗೆ ತುಂಬ ಜನ ಇದ್ದಾರೆ. ಓದಲು ಬಾರದಿದ್ದರೆ ನಾಚಿಕೆ ಬೇಡ. ಔಷಧಿ ಕೊಡುವವರ ಹತ್ತಿರ ಬಾಯಲ್ಲಿ ಹೇಳಿಸಿಕೊಂಡು, ಕವರಿನ ಮೇಲೆ ನಮ್ಮದೇ ಅಕ್ಷರದಲ್ಲಿ ಬರೆದುಕೊಳ್ಳಿ. ಜೀವದ ವಿಷಯ ಅಲ್ವಾ?

ಅವತ್ತು ಅವರಿಗೆ ಹೇಳಿದ ಮೊದಲ ಸಲಹೆ, ನಡುಕ ಬಂದ ಕೂಡಲೇ ಮೀಟರ್ ಹಿಡಿಯಬೇಕು. 70ಕ್ಕಿಂತ ಕಡಿಮೆ ಇದ್ದರೆ ಮೂರು ಟೀ ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಬೇಕು. 15 ನಿಮಿಷ ಬಿಟ್ಟು ಮತ್ತೆ ನೋಡಬೇಕು. ಏರದಿದ್ದರೆ ಇನ್ನೊಮ್ಮೆ ಅಷ್ಟೇ. ಸರಿಯಾದ ಮೇಲೆ ಊಟ ಮಾಡಬೇಕು. ಮೀಟರ್ ಹತ್ತಿರ ಇಲ್ಲದಿದ್ದರೆ ಕಾಯಬಾರದು, ಸಕ್ಕರೆ ಮೊದಲು. ಹೋಳಿಗೆ, ಚಾಕೊಲೇಟ್ ಆ ಹೊತ್ತಿಗೆ ಬೇಡ, ತುಪ್ಪ-ಕೊಬ್ಬು ಸೇರಿದ್ದು ನಿಧಾನ ಮಾಡುತ್ತದೆ. ತೋಟಕ್ಕೆ ಹೋಗುವಾಗ ಕಿಸೆಯಲ್ಲಿ ಸಕ್ಕರೆಯ ಪೊಟ್ಟಣ ಇರಲೇಬೇಕು. ನಡುಕ ಇರುವಾಗ ಸ್ಕೂಟರ್ ಹತ್ತಬಾರದು. ಪ್ರಜ್ಞೆ ತಪ್ಪಿದರೆ ಬಾಯಿಗೆ ಏನೂ ಹಾಕದೆ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು. ಕೊನೆಯದನ್ನು ಅಕ್ಕನಿಗೆ, ತೋಟದ ಕೆಲಸಕ್ಕೆ ಬರುವವರಿಗೆ ಕೂಡ ಹೇಳಲು ಕೇಳಿಕೊಂಡೆ. ಮಾತ್ರೆಯನ್ನು ತಾವಾಗಿ ನಿಲ್ಲಿಸುವುದು ಬೇಡ, ಡಾಕ್ಟರಿಗೆ ಇವತ್ತೇ ಫೋನ್ ಮಾಡಿ ಎಂದೆ. ಮಾತ್ರೆ ಬದಲಿಸುವುದು ಅವರ ಕೆಲಸ, ನನ್ನದಲ್ಲ.

ಡಾಕ್ಟರು ಮೂರು ದಿನ ಬಿಟ್ಟು ಬರಲು ಹೇಳಿದರು. ದಿನಾ ಊಟದ ಮುಂಚೆ ನೋಡಿ ಬರೆದುಕೊಂಡು ಬನ್ನಿ, ತಿಂಡಿ ಮಾತ್ರ ಕಡಿಮೆ ಮಾಡಬೇಡಿ ಎಂದರಂತೆ. ಉಳಿದ ಹೊತ್ತಿನ ಪರೀಕ್ಷೆಯ ಕ್ರಮವನ್ನು ನಾವು ಒಟ್ಟಿಗೆ ಕೂತು ಬದಲಿಸಿದೆವು. ಸ್ಟ್ರಿಪ್ ಅಗ್ಗವಲ್ಲ. ಸಿಕ್ಕಾಪಟ್ಟೆ ಚುಚ್ಚಿಕೊಳ್ಳುವುದೂ ಬೇಡ. ಹಾಗಾಗಿ ಜೋಡಿಯಾಗಿ ನೋಡುವುದು. ಒಂದು ದಿನ ತಿಂಡಿಯ ಮುಂಚೆ, ಮತ್ತು ಮೊದಲ ತುತ್ತಿನಿಂದ ಎರಡು ಗಂಟೆ ಕಳೆದು. ಇನ್ನೊಂದು ದಿನ ಮಧ್ಯಾಹ್ನದ ಊಟದ ಮುಂಚೆ ಮತ್ತು ಎರಡು ಗಂಟೆ ಬಿಟ್ಟು. ಮತ್ತೊಂದು ದಿನ ರಾತ್ರಿ ಊಟದ್ದು. ಆಮೇಲೆ ಮತ್ತೆ ಮೊದಲಿನಿಂದ. ಜೋಡಿಯಾಗಿ ನೋಡಿದಾಗ ಆ ಊಟ ಎಷ್ಟು ಏರಿಸಿತು ಎಂದು ಗೊತ್ತಾಗುತ್ತದೆ. ಒಂಟಿ ಸಂಖ್ಯೆ ಅದನ್ನು ಹೇಳುವುದಿಲ್ಲ. ಸಾಮಾನ್ಯವಾಗಿ ಊಟದ ಮುಂಚೆ 80ರಿಂದ 130, ಎರಡು ಗಂಟೆ ಬಿಟ್ಟು 180ರ ಒಳಗೆ ಎಂಬುದು ಗುರಿ. ವಯಸ್ಸು, ಬೇರೆ ಕಾಯಿಲೆ ನೋಡಿ ಡಾಕ್ಟರು ಇದನ್ನು ಸಡಿಲ ಮಾಡುವುದುಂಟು.

ನೋಟ್‌ಬುಕ್ಕಿನಲ್ಲಿ ಸಂಖ್ಯೆಯ ಪಕ್ಕ ಒಂದು ಸಾಲು ಬರೆಯಬೇಕೆಂದೆ. ಎಷ್ಟು ತಿಂದದ್ದು, ಮಾತ್ರೆ ಎಷ್ಟು ಹೊತ್ತಿಗೆ, ತೋಟದ ಕೆಲಸ ಎಷ್ಟು, ನಿದ್ದೆ ಹೇಗೆ. ಕೇಶವಣ್ಣನಿಗೆ ಇದು ಹಿಡಿಸಿತು. ಅಡಿಕೆಯ ಲೆಕ್ಕ ಬರೆದು ಅಭ್ಯಾಸ ಇದ್ದ ಮನುಷ್ಯ.

ಡಾಕ್ಟರನ್ನು ಕಂಡ ಮೇಲೆ ಅದೇ ನೋಟ್‌ಬುಕ್ ಹಿಡಿದು ನನ್ನಲ್ಲಿಗೂ ಬಂದರು. ಕತೆ ಪೂರ್ತಿ ಅದರಲ್ಲೇ ಇತ್ತು. ಬೆಳಗ್ಗೆ 148 ಕಂಡ ದಿನ ಹೆದರಿ ತಿಂಡಿಯನ್ನು ಎರಡು ನೀರುದೋಸೆಗೆ ಇಳಿಸುವುದು ಅವರ ಹಳೆಯ ಅಭ್ಯಾಸ. ಡಾಕ್ಟರು ಬೇಡ ಎಂದಿದ್ದರೂ ಒಂದು ದಿನ ಹಾಗೇ ಮಾಡಿದ್ದರು. ಮಾತ್ರೆಯ ಪ್ರಮಾಣ ಮಾತ್ರ ಮೊದಲಿನಷ್ಟೇ. ಆಮೇಲೆ ಬಿಸಿಲು ಏರುವವರೆಗೆ ತೋಟದ ಕೆಲಸ. ಹನ್ನೆರಡೂವರೆಗೆ ನಡುಕ ಬಂದಾಗ ನೋಡಿದರೆ 61. ಸಕ್ಕರೆ ನೀರು ಕುಡಿದು ಸರಿಯಾದರೂ ಹಸಿವು ತಡೆಯಲಾರದೆ ಕುಚ್ಚಲಕ್ಕಿ ಅನ್ನವನ್ನು ಗುಡ್ಡೆ ಹಾಕಿಕೊಂಡು ಉಂಡಿದ್ದರು. ಮೇಲಿಂದ ಹಲಸಿನ ಸೊಳೆ. ಎರಡು ಗಂಟೆ ಬಿಟ್ಟು ನೋಡಿದರೆ 258.

ಹಗಲು ಏರುತ್ತಿದ್ದದ್ದು ಅಲ್ಲಿ. ಬೆಳಗ್ಗಿನ ಒಂದು ಸಂಖ್ಯೆಗೆ ಹೆದರಿ ತಿಂಡಿ ಕತ್ತರಿಸಿದ್ದರಿಂದಲೇ ಮಧ್ಯಾಹ್ನದ ಈ ಏರಿಳಿತ ಆಗುತ್ತಿತ್ತು. ಕುಚ್ಚಲಕ್ಕಿ ಆದರೆ ಶುಗರ್ ಏರುವುದಿಲ್ಲ ಎಂದು ಊರಲ್ಲಿ ಹಲವರು ನಂಬಿದ್ದಾರೆ. ಕುಚ್ಚಲಕ್ಕಿಯೂ ಅಕ್ಕಿಯೇ. ರಾಶಿ ಹಾಕಿಕೊಂಡರೆ ಅದೂ ಏರಿಸುತ್ತದೆ. ರಾತ್ರಿಯ ಊಟದ ಜೋಡಿ ಲೆಕ್ಕ ಮಾತ್ರ ಚೆನ್ನಾಗಿಯೇ ಇತ್ತು. 126, 163. ಸುಮತಿಯಕ್ಕನ ಸಾಂಬಾರು ತೊಂದರೆ ಕೊಟ್ಟಿರಲಿಲ್ಲ. ಇದನ್ನು ಗಟ್ಟಿಯಾಗಿ ಓದಿ ಎಂದು ಕೇಶವಣ್ಣನಿಗೇ ಹೇಳಿದೆ. ಓದಿದರು.

ಡಾಕ್ಟರು ಗ್ಲಿಮೆಪಿರೈಡ್ ಪ್ರಮಾಣ ಇಳಿಸಿದ್ದರು. ತಿಂಡಿ ಬಿಡಬಾರದು, ಅದರ ಜೊತೆ ಕಡಲೆ ಅಥವಾ ಹೆಸರುಕಾಳಿನ ಪಲ್ಯ ಇರಲಿ, ಮಧ್ಯಾಹ್ನ ಅನ್ನ ಇಳಿಸಿ ಬಸಳೆ, ತೊಂಡೆಕಾಯಿಯಂಥ ತರಕಾರಿ ಏರಿಸಿ ಎಂದಿದ್ದರು. ಹಲಸು ಊಟದ ಮೇಲೆ ಬೇಡ, ತಿನ್ನುವುದಿದ್ದರೆ ಬೇರೆ ಹೊತ್ತಿಗೆ ಎರಡು ಮೂರು ಸೊಳೆ.

ಹಲಸಿನ ಮಾತು ಬಂತಲ್ಲ, ಇನ್ನೊಂದು ಹೇಳಬೇಕು. ಒಂದು ಸಂಜೆ 271 ಬಂತೆಂದು ಗಾಬರಿಯಿಂದ ಫೋನ್ ಮಾಡಿದ್ದರು. ಸೊಳೆ ಬಿಡಿಸಿದ ಕೈಯಲ್ಲೇ ಚುಚ್ಚಿಕೊಂಡಿದ್ದರು. ಸೋಪು ಹಾಕಿ ತೊಳೆದು, ಒರೆಸಿ ನೋಡಿದಾಗ 158. ಹಣ್ಣಿನ ಅಂಶ ಬೆರಳಿಗೆ ಹತ್ತಿದ್ದರೆ ಮೀಟರ್ ಅದನ್ನೂ ಲೆಕ್ಕ ಹಾಕುತ್ತದೆ. ಮಳೆಗಾಲದಲ್ಲಿ ಸ್ಟ್ರಿಪ್ ಡಬ್ಬಿಯ ಮುಚ್ಚಳ ಗಟ್ಟಿ ಮುಚ್ಚಿಡಿ, ತೇವ ತಾಗಿದರೆ ಅದು ಹಾಳು. ಫ್ರಿಜ್ಜಿನಲ್ಲಿ ಇಡುವುದೂ ಬೇಡ. ಚುಚ್ಚುವಾಗ ಬೆರಳಿನ ತುದಿಯ ಬದಿಗೆ ಚುಚ್ಚಿದರೆ ನೋವು ಕಡಿಮೆ.

ಇಷ್ಟಾದರೂ ನನ್ನ ಕೆಲಸ ಮುಗಿದಿರಲಿಲ್ಲ. ಅಕ್ಕನ ವಿಷಯ ಹಾಗೇ ಇತ್ತು.

"ಅವತ್ತು ಬಟ್ಟಲು ದೂಡಿದ್ದು ಶುಗರ್ ಲೋ ಆದ್ದರಿಂದ ಅಲ್ವಾ ಮೇಡಂ?" ಎಂದು ಕೇಶವಣ್ಣ ಕೇಳಿದರು. ಹೌದು, ಸಕ್ಕರೆ ಇಳಿದಾಗ ಸಿಟ್ಟು, ಗೊಂದಲ, ಅಳು ಎಲ್ಲ ಬರಬಹುದು. ಮೆದುಳಿಗೆ ಗ್ಲೂಕೋಸ್ ಸಾಲದೆ ಆಗುವುದು ಅದು. ಮಧ್ಯಾಹ್ನದ ಆ ವರ್ತನೆಗೆ ಅದು ಕಾರಣ ಇರಬಹುದು. ಆದರೆ ಬೆಳಗ್ಗೆ 150 ಇದ್ದಾಗ ಆಡಿದ ಮಾತಿಗೆ ಅದೇ ಕಾರಣ ಕೊಡಲು ಆಗುವುದಿಲ್ಲ ಎಂದು ನೇರವಾಗಿ ಹೇಳಿದೆ. ಅವರು ತಲೆ ತಗ್ಗಿಸಿದರು. ಅಕ್ಕ ಕಿಟಕಿಯ ಕಡೆ ನೋಡಿದರು.

ಮನೆಗೆ ಮೂರು ಒಪ್ಪಂದ ಮಾಡಿಕೊಂಡರು. ಮೀಟರ್ ನೋಡುವುದು, ಬರೆಯುವುದು ಕೇಶವಣ್ಣನ ಕೆಲಸ. ಅಕ್ಕನಿಗೆ ಸಂಖ್ಯೆ ಹೇಳಬೇಕೆಂದಿಲ್ಲ, 70ಕ್ಕಿಂತ ಕೆಳಗೆ ಅಥವಾ 300ರ ಮೇಲೆ ಹೋದರೆ ಮಾತ್ರ ಕೂಡಲೇ ಹೇಳಬೇಕು. ಸಂಖ್ಯೆ ಜಾಸ್ತಿ ಬಂದರೆ ಯಾರ ತಪ್ಪು ಎಂದು ಹುಡುಕುವ ಬದಲು ಅದಕ್ಕೆ ಮೊದಲು ಏನೇನು ಆಗಿತ್ತು ಎಂದು ನೋಟ್‌ಬುಕ್ಕಿನಲ್ಲಿ ನೋಡಬೇಕು. ಇನ್ನು ಮನೆಯಲ್ಲಿ ಒಂದೇ ಅಡುಗೆ, ಎಲ್ಲರಿಗೂ ಅದೇ. ಮಗನೂ ಫೋನಿನಲ್ಲಿ "ಇವತ್ತು ಎಷ್ಟು ಬಂತು?" ಎಂದು ಕೇಳುವುದನ್ನು ನಿಲ್ಲಿಸಲಿ ಎಂದೆ. ಅವನ ಪ್ರಶ್ನೆಯಲ್ಲಿ ಪ್ರೀತಿ ಇತ್ತು. ಆದರೂ ಈ ಮನೆಯಲ್ಲಿ ಅದು ದಿನಾ ಜಗಳಕ್ಕೆ ದಾರಿ ಮಾಡುತ್ತಿತ್ತು.

ಮೂರು ತಿಂಗಳ ಮೇಲೆ ಎಚ್‌ಬಿಎ1ಸಿ 7.3ಕ್ಕೆ ಇಳಿದಿದೆ. ನಡುಕ ಮತ್ತೆ ಬಂದಿಲ್ಲ. ಬೆಳಗ್ಗಿನ ಸಂಖ್ಯೆ ಈಗಲೂ ಕೆಲವು ದಿನ 145 ಇರುತ್ತದೆ. ಡಾಕ್ಟರು ಅದನ್ನು ನೋಡುತ್ತಿದ್ದಾರೆ, ಸದ್ಯಕ್ಕೆ ಅವಸರವಿಲ್ಲ ಎಂದಿದ್ದಾರೆ.

ಗಂಡನ ಶುಗರ್ ಬಗ್ಗೆ ಇಷ್ಟು ತಲೆಕೆಡಿಸಿಕೊಂಡ ಸುಮತಿಯಕ್ಕ ತಮ್ಮದನ್ನು ಒಮ್ಮೆಯೂ ನೋಡಿಸಿರಲಿಲ್ಲ. ನನ್ನ ಒತ್ತಾಯಕ್ಕೆ ಕುಟುಂಬ ಆರೋಗ್ಯ ಕೇಂದ್ರಕ್ಕೆ ಹೋದರು. ಅಲ್ಲಿಂದ ಬರೆದುಕೊಟ್ಟ ಪರೀಕ್ಷೆಯಲ್ಲಿ ಎಚ್‌ಬಿಎ1ಸಿ 5.9 ಬಂತು, ಅಂದರೆ ಮಧುಮೇಹಕ್ಕೆ ಮುಂಚಿನ ಹಂತ. ಸದ್ಯಕ್ಕೆ ಮಾತ್ರೆ ಬೇಡ, ನಡಿಗೆ ಮತ್ತು ಅನ್ನದ ಅಳತೆ ಸಾಕು, ವರ್ಷಕ್ಕೊಮ್ಮೆ ನೋಡಿಸಬೇಕು ಎಂದಿದ್ದಾರೆ. ಈಗ ಸಂಜೆ ಇಬ್ಬರೂ ನಡೆಯಲು ಹೋಗುತ್ತಾರಂತೆ. ಕೇಶವಣ್ಣನ ಮಾತಿನ ಬಿಸಿ ಪೂರ್ತಿ ಆರಿಲ್ಲ. ಅದಕ್ಕಾಗಿ ಅವರು ಒಬ್ಬರೇ ಬಂದು ನನ್ನ ಜೊತೆ ಮಾತನಾಡಲು ಒಪ್ಪಿದ್ದಾರೆ. ಆ ಮಾತುಕತೆ ಇನ್ನೂ ನಡೆಯುತ್ತಿದೆ.