“ಎಲ್ಲ ಅವನೇ ಮಾಡ್ತಾನೆ” ಎಂದ ತಾಯಿ

ಅಂಗವೈಕಲ್ಯದ ಸರ್ಟಿಫಿಕೇಟಿಗಾಗಿ ಮಕ್ಕಳನ್ನು ಕರೆದುಕೊಂಡು ಹೋಗುವ ತಾಯಂದಿರು ಅಂಗವೈಕಲ್ಯದ ಪ್ರಮಾಣ ನಿರ್ಧರಿಸುವ ಮೆಡಿಕಲ್ ಬೋರ್ಡಿನ ಎದುರು ಕುಳಿತಾಗ ಮಗುವಿನ ಕಷ್ಟವನ್ನು ಅರ್ಧ ನುಂಗಿಬಿಡುತ್ತಾರೆ. ಮಂಜೇಶ್ವರ, ಕಾಸರಗೋಡು ಎರಡೂ ತಾಲೂಕುಗಳ ಮನೆಗಳಿಂದ ಇದೇ ಸಂಗತಿ ಮತ್ತೆ ಮತ್ತೆ ನನ್ನ ಬಳಿಗೆ ಬರುತ್ತಿರುವುದರಿಂದ ಒಂದು ಪ್ರಕರಣವನ್ನು ಇಲ್ಲಿ ಬರೆಯುತ್ತಿದ್ದೇನೆ. ತಾಯಿಯ ಒಪ್ಪಿಗೆ ಪಡೆದಿದ್ದೇನೆ. ಗುರುತು ಸಿಗುವಂಥ ವಿವರಗಳನ್ನು ಬದಲಾಯಿಸಿದ್ದೇನೆ.

ಗಡಿಭಾಗದ ಒಂದು ಪಂಚಾಯತು. ತಂದೆ ತೀರಿಹೋಗಿದ್ದಾರೆ. ತಾಯಿ ಬೀಡಿ ಕಟ್ಟುತ್ತಾರೆ, ಕಾಲ ಬಂದಾಗ ಅಡಿಕೆ ಸುಲಿಯಲು ಹೋಗುತ್ತಾರೆ. ಮಗನಿಗೆ ಬೌದ್ಧಿಕ ಅಂಗವೈಕಲ್ಯ. ಇಂಥ ಮಕ್ಕಳಿಗಾಗಿ ಸ್ಥಳೀಯ ಸಂಸ್ಥೆಗಳು ನಡೆಸುವ ಬಡ್ಸ್ ಶಾಲೆಯಲ್ಲಿ ಕಲಿತವನು. ಚಿಕ್ಕಂದಿನ ತಾತ್ಕಾಲಿಕ ಸರ್ಟಿಫಿಕೇಟಿನ ಅವಧಿ ಮುಗಿದು, 18 ತುಂಬಿದ ಮೇಲೆ ಮತ್ತೆ ಪರೀಕ್ಷೆಯಾದಾಗ ಪ್ರಮಾಣ ಶೇಕಡಾ 40ಕ್ಕಿಂತ ಕೆಳಗಿಳಿಯಿತು. 40 ಇಲ್ಲದಿದ್ದರೆ ಪಿಂಚಣಿಯ ಅರ್ಜಿ ಮುಂದೆ ಹೋಗುವುದಿಲ್ಲ.

ನೆರೆಯವರು ಆಕೆಗೆ ಹೇಳಿದ್ದೇ ಬೇರೆ: “ಎಂಡೋಸಲ್ಫಾನ್ ಪಟ್ಟಿಯಲ್ಲಿ ಹೆಸರಿಲ್ಲವಲ್ಲ, ಮತ್ತೆ ಎಂತ ಸಿಗುದು?” ನಮ್ಮ ಜಿಲ್ಲೆಯಲ್ಲಿ ಈ ಗೊಂದಲ ಬೆಳೆದದ್ದರಲ್ಲಿ ಆಶ್ಚರ್ಯವಿಲ್ಲ. ಗೇರುತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಬಿಡುವುದು 2000ದಲ್ಲಿ ನಿಂತಿತು. ಸಂತ್ರಸ್ತರಿಗೆ ತಲಾ 5 ಲಕ್ಷ ಕೊಡಬೇಕೆಂಬ ಸುಪ್ರೀಂ ಕೋರ್ಟಿನ ಆದೇಶ ಬಂದದ್ದು 2017ರ ಜನವರಿಯಲ್ಲಿ. ಈ ನಡುವಿನ ಹೋರಾಟವನ್ನೆಲ್ಲ ಕಂಡವರಿಗೆ ಅಂಗವೈಕಲ್ಯದ ಹಣ ಎಂದರೆ ಆ ಸಂತ್ರಸ್ತರ ಪಟ್ಟಿಯೇ ನೆನಪಾಗುತ್ತದೆ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯಿದೆ 21 ಬಗೆಯ ಅಂಗವೈಕಲ್ಯಗಳನ್ನು ಹೆಸರಿಸುತ್ತದೆ, ಯಾವುದರಿಂದ ಬಂತು ಎಂದು ಕೇಳುವುದಿಲ್ಲ. ಪಟ್ಟಿಯಲ್ಲಿ ಹೆಸರಿಲ್ಲವೆಂದು ಸರ್ಟಿಫಿಕೇಟಿನ ಆಸೆಯನ್ನೇ ಬಿಟ್ಟ ಮನೆಗಳನ್ನು ಕಂಡಾಗ ನನಗೆ ತುಂಬ ಸಂಕಟವಾಗುತ್ತದೆ.

ಸಲಹೆ ಕೇಳಲು ತಾಯಿ, ಮಗ ಇಬ್ಬರೂ ನನ್ನ ಬಳಿಗೆ ಬಂದಿದ್ದರು. ಅವನು ಹೊರಗಿನ ಬೆಂಚಿನಲ್ಲಿ ಕುಳಿತು ಅಂಗಿಯ ಗುಂಡಿ ಹಾಕುವುದು, ಬಿಚ್ಚುವುದು ಮಾಡುತ್ತಿದ್ದ. ಬೋರ್ಡಿನಲ್ಲಿ ಏನು ಕೇಳಿದರು ಎಂದು ವಿಚಾರಿಸಿದೆ.

“ಅವನೇ ಉಣ್ತಾನಾ ಕೇಳಿದ್ರು. ಹೌದು ಹೇಳಿದೆ. ಸ್ನಾನ? ಅವನೇ ಮಾಡ್ತಾನೆ ಹೇಳಿದೆ. ಅಂಗಡಿಗೆ ಹೋಗ್ತಾನಾ? ಹೋಗ್ತಾನೆ.”

“ಸ್ನಾನ ಹೇಗೆ ಮಾಡ್ತಾನೆ ಅಕ್ಕಾ?”

“ಹಂಡೆಯಿಂದ ಬಿಸಿನೀರು ನಾನೇ ತೋಡಿ ಕೊಡ್ಬೇಕು. ಒಮ್ಮೆ ಕುದಿಯುವ ನೀರನ್ನೇ ಕಾಲಿಗೆ ಹೊಯ್ದುಕೊಂಡ. ಆಮೇಲೆ ನಾನು ಬಚ್ಚಲಿನ ಬಾಗಿಲಲ್ಲೇ ನಿಲ್ಲುದು.”

ಊಟಕ್ಕೆ ಮೀನಿನ ಮುಳ್ಳು ಬಿಡಿಸಿ ಅನ್ನ ಕಲಸಿಕೊಡಬೇಕು, ಸಾಕು ಎಂದು ಹೇಳುವವರೆಗೆ ತಿನ್ನುತ್ತಲೇ ಇರುತ್ತಾನೆ. ಅಂಗಡಿಗೆ ಹೋಗುವುದು ಚೀಟಿ, ಹಣ ಎರಡನ್ನೂ ಜೇಬಿಗೆ ಹಾಕಿ ಕಳಿಸಿದರೆ. ಅವನು ಅಲ್ಲಿಂದ ಹೊರಟ ಮೇಲೆ ಅಂಗಡಿಯವರು ಫೋನು ಮಾಡುತ್ತಾರೆ. ಇಷ್ಟನ್ನೂ ಅಲ್ಲಿ ಯಾಕೆ ಹೇಳಲಿಲ್ಲ ಎಂದೆ.

“ಹೇಳುದು ಹೇಗೆ ಟೀಚರೇ? ಅವ ಪಕ್ಕದಲ್ಲೇ ಕೂತಿದ್ದ. ಅವನಿಗೆ ಎಲ್ಲ ಅರ್ಥ ಆಗ್ತದೆ. ಇವನಿಗೆ ಎಂತದೂ ಬರುದಿಲ್ಲ ಅಂತ ಹೆತ್ತ ತಾಯಿಯೇ ಹೇಳಿದ್ರೆ ಅವನಿಗೆ ಹೇಗಾಗ್ಬೇಡ?”

ಈ ಮಾತು ನನ್ನನ್ನು ಬಹಳ ದಿನ ಕಾಡಿತು. ಮಗನಿಗೆ ಗುಂಡಿ ಹಾಕಲು ಕಲಿಸಿದ್ದೇ ಆಕೆಯ ಬದುಕಿನ ಹೆಮ್ಮೆ. ಆ ಹೆಮ್ಮೆಯನ್ನು ಬಿಟ್ಟುಕೊಟ್ಟರೆ ಮಾತ್ರ ಸಹಾಯ ಎಂದು ಆಕೆಗೆ ಅನಿಸಿತ್ತು.

ನಾನು ಇನ್ನೊಂದು ಪ್ರಶ್ನೆ ಕೇಳಿದೆ: “ಒಂದು ವಾರ ನೀವು ಮನೆಯಲ್ಲಿ ಇಲ್ಲದಿದ್ದರೆ?”

“ಒಂದು ವಾರವಾ! ಒಂದು ಮದುವೆಗೆ ಹೋಗಿ ಸಮಾಧಾನದಲ್ಲಿ ಕೂತು ಉಣ್ಣದೆ ಎಷ್ಟೋ ವರ್ಷ ಆಯ್ತು” ಎಂದವರು ಸೆರಗು ಕಣ್ಣಿಗೊತ್ತಿಕೊಂಡರು.

ಅಲ್ಲಿಂದಲೇ ಸಲಹೆ ಶುರುವಾಯಿತು. ಮಗನಿಗೆ ಏನು ಬರುವುದಿಲ್ಲ ಎಂದು ಬರೆಯಬೇಡಿ, ಬೆಳಿಗ್ಗೆಯಿಂದ ರಾತ್ರಿಯವರೆಗೆ ನೀವು ಎಲ್ಲೆಲ್ಲಿ ನೆರವಾಗುತ್ತೀರಿ ಎಂದು ಒಂದು ಪುಸ್ತಕದಲ್ಲಿ ಬರೆಯಿರಿ ಎಂದೆ. ಬೌದ್ಧಿಕ ಅಂಗವೈಕಲ್ಯದ ಪರೀಕ್ಷೆಯಲ್ಲಿ ಬುದ್ಧಿಮಟ್ಟದ ಜೊತೆಗೆ ದಿನನಿತ್ಯದ ಕೆಲಸಗಳನ್ನೂ ನೋಡುತ್ತಾರೆ. ಅದಕ್ಕೆ ಬಳಸುವ ವೈನ್‌ಲ್ಯಾಂಡ್ ಮಾಪನವನ್ನು ತುಂಬಿಸುವುದು ಮನೆಯವರನ್ನು ಕೇಳಿಯೇ. ಆಕೆಯ ಒಂದೊಂದು “ಹೌದು” ಕೂಡ ಅಂಕವಾಗಿ ಕೂಡಿಕೊಂಡಿತ್ತು, ಅಂಕ ಏರಿದಷ್ಟೂ ಅಂಗವೈಕಲ್ಯದ ಪ್ರಮಾಣ ಇಳಿಯುತ್ತದೆ. ಮಗನನ್ನು ಸ್ವಲ್ಪ ಹೊತ್ತು ಹೊರಗೆ ಕೂರಿಸಿ ಮಾತಾಡಲು ಬಿಡಿ ಎಂದು ಕೇಳಿಕೊಳ್ಳಬಹುದೆಂಬುದೂ ಆಕೆಗೆ ತಿಳಿದಿರಲಿಲ್ಲ. ಪ್ರಶ್ನೆಗಳು ಮಲಯಾಳದಲ್ಲಿದ್ದವು, ಅರ್ಧ ತಿಳಿಯದಿದ್ದರೂ ತಲೆಯಾಡಿಸಿದ್ದರು. ಹಾಗಾಗಿ ಕನ್ನಡ, ಮಲಯಾಳ ಎರಡೂ ಬಲ್ಲ ಆಶಾ ಕಾರ್ಯಕರ್ತೆಯನ್ನು ಜೊತೆಗೆ ಕರೆದೊಯ್ಯಲು ಹೇಳಿದೆ. ಅರ್ಜಿಯನ್ನು ಕನ್ನಡದಲ್ಲೇ ಬರೆದೆವು. ಭಾಷಾ ಅಲ್ಪಸಂಖ್ಯಾತ ಪ್ರದೇಶದ ಸರ್ಕಾರಿ ಕಚೇರಿಗಳಿಗೆ ಕನ್ನಡದಲ್ಲಿ ಬರೆದು ಕನ್ನಡದಲ್ಲೇ ಉತ್ತರ ಪಡೆಯುವ ಹಕ್ಕನ್ನು ಕೇರಳದ 1969ರ ಆಡಳಿತ ಭಾಷಾ ಕಾಯಿದೆ ಕೊಟ್ಟಿದೆ. ಬೋರ್ಡಿನ ತೀರ್ಮಾನ ಒಪ್ಪಿಗೆಯಾಗದಿದ್ದರೆ ಮೇಲ್ಮನವಿ ಸಲ್ಲಿಸಲು 2016ರ ಕಾಯಿದೆಯ 59ನೇ ಸೆಕ್ಷನಿನಲ್ಲಿ ದಾರಿಯಿದೆ.

ಇದು ಹೇಳಿಕೊಟ್ಟು ಕಳಿಸಿದಂತಾಯಿತಲ್ಲವೇ ಎಂದು ಪರಿಚಯದವರೊಬ್ಬರು ಆಕ್ಷೇಪಿಸಿದರು. ನಾನು ಒಪ್ಪುವುದಿಲ್ಲ. ನಡೆಯುತ್ತಿರುವುದನ್ನು ನಡೆದ ಹಾಗೆ ಹೇಳಲು ಧೈರ್ಯ ಕೊಡುವುದು ನನ್ನ ಕೆಲಸ. ಹರಿದ ಅಂಗಿ ಹಾಕಿಸಿ, ತಲೆ ಬಾಚದೆ ಕರೆದುಕೊಂಡು ಹೋಗಿ, ಬಾಯಿ ಬಿಡಬೇಡ ಎಂದು ಹುಡುಗನಿಗೆ ಹೇಳಿ ಎಂದು ಸಲಹೆ ಕೊಡುವವರೂ ಇದ್ದಾರೆ. ಅಂಥದ್ದಕ್ಕೆ ನಾನು ಯಾವತ್ತೂ ಒಪ್ಪಿಲ್ಲ, ಒಪ್ಪುವುದೂ ಇಲ್ಲ. ಎಣ್ಣೆ ಹಚ್ಚಿ ತಲೆ ಬಾಚಿ, ಇದ್ದದ್ದರಲ್ಲಿ ಒಳ್ಳೆಯ ಅಂಗಿ ಹಾಕಿಸಿ, ಅವನಿಗೆ ಮಾತಾಡಬೇಕೆನಿಸಿದರೆ ಮಾತಾಡಲಿ ಎಂದೇ ಹೇಳಿದೆ.

ಕೊನೆಗೆ ಅವನನ್ನೂ ಒಳಗೆ ಕರೆದೆವು. ವಯಸ್ಸಿಗೆ ಬಂದವನ ವಿಷಯವನ್ನು ಅವನಿಗೆ ತಿಳಿಸದೆ ಮುಂದುವರಿಸುವುದು ಸರಿಯಲ್ಲವೆಂಬುದು ನನ್ನ ನಂಬಿಕೆ. ಮನೆಯಲ್ಲಿ ಯಾವ ಕೆಲಸ ಯಾರದು ಎಂದು ಕೇಳಿದೆ. ಬೆರಳು ಮಡಚುತ್ತಾ ಹೇಳಿದ: “ಬಿಸಿನೀರು ಅಮ್ಮ. ಬೆಂಕಿ ಅಮ್ಮ. ಗುಂಡಿ ನಾನು.” ತಾನು ಮುಚ್ಚಿಟ್ಟದ್ದೆಲ್ಲ ಅವನಿಗೆ ಗೊತ್ತಿದ್ದೇ ಇತ್ತು ಎಂದು ತಾಯಿಗೆ ಆಗ ತಿಳಿಯಿತು. ಈ ಮೂರನ್ನೂ ಅವನು ಹೇಳಿದ ಹಾಗೆಯೇ ಪುಸ್ತಕದ ಮೊದಲ ಪುಟದಲ್ಲಿ ಬರೆದುಕೊಂಡರು.

ಮೇಲ್ಮನವಿ ಹೋಗಿದೆ, ಮರುಪರೀಕ್ಷೆ ಇನ್ನು ಆಗಬೇಕು. ಅಷ್ಟರೊಳಗೆ ವಿಲೇಜ್ ಆಫೀಸಿನಿಂದ ಆದಾಯದ ಸರ್ಟಿಫಿಕೇಟು ಮಾಡಿಸಿಕೊಳ್ಳಲು, ಆಧಾರಿನಲ್ಲೂ ರೇಷನ್ ಕಾರ್ಡಿನಲ್ಲೂ ಹೆಸರು ಒಂದೇ ರೀತಿ ಇದೆಯೇ ಎಂದು ನೋಡಿಕೊಳ್ಳಲು ಹೇಳಿದ್ದೇನೆ. ಪಿಂಚಣಿಯ ಅರ್ಜಿ ಕೊಡುವುದು ಪಂಚಾಯತಿಗೆ. ಕುಟುಂಬದ ವಾರ್ಷಿಕ ಆದಾಯ 1 ಲಕ್ಷ ಮೀರಬಾರದು. 1600 ರೂಪಾಯಿ ಇದ್ದ ಪಿಂಚಣಿ 2025ರ ನವೆಂಬರಿನಿಂದ 2000 ಆಗಿದೆ. ಸಿಕ್ಕಿದ ಮೇಲೂ ವರ್ಷ ವರ್ಷ ಮಸ್ಟರಿಂಗ್, ಅಂದರೆ ಪಿಂಚಣಿದಾರ ಬದುಕಿದ್ದಾನೆಂದು ದೃಢಪಡಿಸುವುದನ್ನು, ತಪ್ಪಿಸಬಾರದು, ತಪ್ಪಿದರೆ ಹಣ ನಿಲ್ಲುತ್ತದೆ. ಕೇಂದ್ರ ಸರ್ಕಾರದ ಸಂಸ್ಥೆಯಾದ ನ್ಯಾಷನಲ್ ಟ್ರಸ್ಟಿನ ನಿರಾಮಯ ವಿಮೆಯಲ್ಲಿ 1 ಲಕ್ಷದವರೆಗೆ ಚಿಕಿತ್ಸೆಯ ಖರ್ಚು ಸಿಗುತ್ತದೆ.

ಇನ್ನು ಪಾಲಕತ್ವದ ವಿಷಯ ಉಳಿದಿದೆ. 18 ದಾಟಿದ ಮಗನ ಪರವಾಗಿ ಸಹಿ ಹಾಕಲು ತಾಯಿಯಾದರೂ ಕಲೆಕ್ಟರರಿರುವ ಸ್ಥಳೀಯ ಸಮಿತಿಗೆ ಅರ್ಜಿ ಕೊಡಬೇಕು. ಮುಂದೆ ಯಾರು ನೋಡಿಕೊಳ್ಳುವುದು ಎಂಬ ಮಾತು ಬಂದಾಗ ತಾಯಿ ತಮ್ಮ ತಂಗಿಯ ಹೆಸರು ಹೇಳಿದರು. ಮುಂದಿನ ಸಲ ಅವರನ್ನೂ ಕರೆತರಲು ಹೇಳಿದ್ದೇನೆ, ಪುಸ್ತಕವನ್ನೂ ತರಲಿ.