ಪೋಸ್ಟ್‌ಗ್ರೆಸ್ ಪ್ರೈಮರಿ ಕ್ರ್ಯಾಶ್ ಆದಾಗ ರಿಕವರಿಗೆ ಕಾಯಬೇಕೋ, ಫೇಲ್‌ಓವರ್ ಮಾಡಬೇಕೋ?

ನಿಮ್ಮಲ್ಲಿ ಪತ್ರೋನಿ (ಯಾವ ನೋಡ್ ಪ್ರೈಮರಿ ಅಂತ ನೋಡಿಕೊಳ್ಳುವ ಸಾಫ್ಟ್‌ವೇರ್) ನಡೆಸುವ ಮೂರು ನೋಡ್‌ಗಳ ಪೋಸ್ಟ್‌ಗ್ರೆಸ್ ಡೇಟಾಬೇಸ್ ಕ್ಲಸ್ಟರ್ ಇದೆ: ರೈಟ್‌ಗಳನ್ನು ತೆಗೆದುಕೊಳ್ಳುವ ಒಂದು ಪ್ರೈಮರಿ, ಅದರ ಪ್ರತಿ ಇಟ್ಟುಕೊಳ್ಳುವ ಎರಡು ಸ್ಟ್ಯಾಂಡ್‌ಬೈ. ರೆಪ್ಲಿಕೇಶನ್ ಅಸಿಂಕ್ರೊನಸ್, ಅಂದರೆ ಸ್ಟ್ಯಾಂಡ್‌ಬೈಗೆ ತಲುಪುವ ತನಕ ಕಮಿಟ್ ಕಾಯುವುದಿಲ್ಲ. ಪ್ರೈಮರಿಯಲ್ಲಿ ಪೋಸ್ಟ್‌ಗ್ರೆಸ್ ಕ್ರ್ಯಾಶ್ ಆದಾಗ ಎರಡು ಸ್ಟ್ಯಾಂಡ್‌ಬೈಗಳೂ ಸುಮ್ಮನಿದ್ದವು, ಹಳೆಯ ಪ್ರೈಮರಿಯೇ ನಾಲ್ಕು ನಿಮಿಷಕ್ಕೂ ಹೆಚ್ಚು ಹೊತ್ತು ರಿಕವರಿ ಮಾಡಿಕೊಂಡು ಎದ್ದಿತು, ಫೇಲ್‌ಓವರ್ (ಒಂದು ಸ್ಟ್ಯಾಂಡ್‌ಬೈ ಪ್ರೈಮರಿ ಆಗುವುದು) ಯಾಕೆ ಆಗಲಿಲ್ಲ ಅಂತ ಕೇಳಿದ್ದೀರಿ. ಕ್ಲಸ್ಟರ್‌ನಲ್ಲಿ ದೋಷವೇನಿಲ್ಲ. ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ ಅದು ನಡೆದುಕೊಳ್ಳುವುದೇ ಹೀಗೆ.

ಪತ್ರೋನಿಯಲ್ಲಿ 'ಪ್ರೈಮರಿ ಸ್ಟಾರ್ಟ್ ಟೈಮ್‌ಔಟ್' ಅಂತ ಒಂದು ಸೆಟ್ಟಿಂಗ್ ಇದೆ (ಹಳೆಯ ವರ್ಶನ್‌ಗಳಲ್ಲಿ ಪ್ರೈಮರಿ ಬದಲು ಮಾಸ್ಟರ್ ಅಂತಿತ್ತು). ಡಿಫಾಲ್ಟ್ 300 ಸೆಕೆಂಡ್. ಪೋಸ್ಟ್‌ಗ್ರೆಸ್ ಮಾತ್ರ ಬಿದ್ದು ಮಷಿನ್ನೂ ಪತ್ರೋನಿಯೂ ಚೆನ್ನಾಗಿದ್ದರೆ, ಪತ್ರೋನಿ ಲೀಡರ್ ಲಾಕ್ (ಈಗ ಪ್ರೈಮರಿ ಯಾರು ಅನ್ನುವ ಗುರುತು) ಬಿಟ್ಟುಕೊಡದೆ ಅಲ್ಲೇ ಮತ್ತೆ ಎಬ್ಬಿಸಲು ಅಷ್ಟು ಹೊತ್ತು ನೋಡುತ್ತದೆ. ಮಷಿನ್ನೇ ಹೋದರೆ ಲಾಕ್ ರಿನ್ಯೂ ಮಾಡುವವರಿಲ್ಲ, ಲಾಕ್‌ನ ಅವಧಿ (ಟಿಟಿಎಲ್, ಡಿಫಾಲ್ಟ್ 30 ಸೆಕೆಂಡ್) ಮುಗಿದ ಮೇಲೆ ಒಂದು ಸ್ಟ್ಯಾಂಡ್‌ಬೈ ಪ್ರೈಮರಿ ಆಗುತ್ತದೆ.

ನಿಮ್ಮ ವಿಷಯದಲ್ಲಿ ನನಗೆ ನಿಜವಾಗಿ ಆತಂಕ ತಂದದ್ದು ಆ ನಾಲ್ಕು ನಿಮಿಷ. ಮುಂದಿನ ಸಲ ಲೋಡ್ ಸ್ವಲ್ಪ ಹೆಚ್ಚಿದ್ದು ರಿಕವರಿ ಆರು ನಿಮಿಷಕ್ಕೆ ಹೋಯಿತು ಅಂದುಕೊಳ್ಳಿ. ಐದು ನಿಮಿಷ ಡೌನ್‌ಟೈಮ್ ಅನುಭವಿಸಿದ ಮೇಲೆ ಪತ್ರೋನಿ ಕೈಬಿಟ್ಟು ಸ್ಟ್ಯಾಂಡ್‌ಬೈಯನ್ನು ಪ್ರಮೋಟ್ ಮಾಡುತ್ತದೆ, ಅಂದರೆ ಪ್ರೈಮರಿ ಮಾಡುತ್ತದೆ. ಕಮಿಟ್ ಆಗಿಯೂ ಸ್ಟ್ಯಾಂಡ್‌ಬೈಗೆ ತಲುಪದ ಟ್ರಾನ್ಸಾಕ್ಷನ್‌ಗಳು ಆಗ ಹೋಗುತ್ತವೆ. ಕಾದದ್ದೂ ದಂಡ, ಡೇಟಾನೂ ಹೋಯಿತು. ಟೈಮ್‌ಔಟ್ ಅನ್ನು ರಿಕವರಿ ಸಮಯದ ಆಸುಪಾಸಿನಲ್ಲಿ ಇಡುವುದಕ್ಕಿಂತ ಕೆಟ್ಟ ಕಾನ್ಫಿಗರೇಶನ್ ಇನ್ನೊಂದಿಲ್ಲ.

ಹಾಗಾಗಿ ಮೊದಲು ರಿಕವರಿ ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಅಳೆಯಿರಿ. ಪ್ರೊಡಕ್ಷನ್‌ನಷ್ಟೇ ಡೇಟಾ, ಅಷ್ಟೇ ರೈಟ್ ಲೋಡ್ ಇರುವ ಸ್ಟೇಜಿಂಗ್‌ನಲ್ಲಿ ಪೋಸ್ಟ್‌ಗ್ರೆಸ್‌ನ ಮುಖ್ಯ ಪ್ರೊಸೆಸ್ ಆದ ಪೋಸ್ಟ್‌ಮಾಸ್ಟರ್‌ಗೆ ಕಿಲ್ ಮೈನಸ್ 9 ಕೊಡಿ (ತಟ್ಟನೆ ಕೊಲ್ಲುವ ಕಮಾಂಡ್). ಲಾಗ್‌ನಲ್ಲಿ 'ರೀಡೂ ಸ್ಟಾರ್ಟ್ಸ್ ಎಟ್' ಅನ್ನುವ ಸಾಲಿಗೂ 'ರೀಡೂ ಡನ್ ಎಟ್' ಅನ್ನುವ ಸಾಲಿಗೂ ಇರುವ ಅಂತರ ನೋಡಿ. ವರ್ಶನ್ 15ರಿಂದ ನಡುವೆ ಪ್ರತಿ 10 ಸೆಕೆಂಡಿಗೊಮ್ಮೆ ಎಲ್ಲಿಗೆ ಬಂತು ಅಂತಲೂ ಪೋಸ್ಟ್‌ಗ್ರೆಸ್ಸೇ ಬರೆಯುತ್ತದೆ. ಚೆಕ್‌ಪಾಯಿಂಟ್ (ಮೆಮೊರಿಯಲ್ಲಿ ಬದಲಾದ ಪೇಜ್‌ಗಳನ್ನು ಡಿಸ್ಕ್‌ಗೆ ಬರೆಯುವ ಕೆಲಸ) ಇನ್ನೇನು ಮುಗಿಯಬೇಕು ಅನ್ನುವಾಗ ಒಮ್ಮೆ ಕೊಂದು ನೋಡಿ. ಹಿಂದಿನ ಚೆಕ್‌ಪಾಯಿಂಟ್ ಎಲ್ಲಿ ಶುರುವಾಗಿತ್ತೋ ಅಲ್ಲಿಂದಲೇ ಆಗ ವಾಲ್ (WAL, ಪ್ರತಿ ಬದಲಾವಣೆಯನ್ನೂ ಮೊದಲು ಬರೆದಿಡುವ ಲಾಗ್) ಓದಬೇಕಾದ್ದರಿಂದ ಅತಿ ಹೆಚ್ಚು ಸಮಯ ಹಿಡಿಯುವುದು ಆಗಲೇ.

ಆ ಸಮಯ ಇಳಿಸಬೇಕಾದರೆ ಕೈ ಹಾಕಬೇಕಾದ್ದು ಚೆಕ್‌ಪಾಯಿಂಟ್‌ಗೆ. ಚೆಕ್‌ಪಾಯಿಂಟ್ ಟೈಮ್‌ಔಟ್ ಡಿಫಾಲ್ಟ್ 5 ನಿಮಿಷ, ಮ್ಯಾಕ್ಸ್ ವಾಲ್ ಸೈಜ್ 1 ಜಿಬಿ. ಅಷ್ಟರಲ್ಲಿ ನಾಲ್ಕು ನಿಮಿಷ ಹಿಡಿಯುವುದು ಅಪರೂಪ, ನಿಮ್ಮಲ್ಲಿ ಯಾರೋ ಇವನ್ನು ಏರಿಸಿರಬೇಕು. ಏರಿಸುವುದಕ್ಕೆ ಕಾರಣವಿಲ್ಲದೆ ಇಲ್ಲ: ಪ್ರತಿ ಚೆಕ್‌ಪಾಯಿಂಟ್ ಆದಮೇಲೆ ಒಂದು ಪೇಜ್ ಮೊದಲ ಸಲ ಬದಲಾದಾಗ ಅದರ 8 ಕೆಬಿ ಪೂರ್ತಿ ವಾಲ್‌ಗೆ ಹೋಗುತ್ತದೆ, ಚೆಕ್‌ಪಾಯಿಂಟ್ ಪದೇ ಪದೇ ಆದರೆ ವಾಲ್ ಉಬ್ಬುತ್ತದೆ. ಇದನ್ನು ತಪ್ಪಿಸಲು ಫುಲ್ ಪೇಜ್ ರೈಟ್ಸ್ ಆಫ್ ಮಾಡಿ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಕರೆಂಟ್ ಹೋದಾಗ ಅರ್ಧ ಮಾತ್ರ ಬರೆದ ಪೇಜ್ ಉಳಿದರೆ ಸರಿಮಾಡುವುದು ಆ ಪೂರ್ತಿ ಪ್ರತಿಯೇ. ಎಫ್‌ಸಿಂಕ್ (ಬರೆದದ್ದು ನಿಜವಾಗಿ ಡಿಸ್ಕ್ ಸೇರುವಂತೆ ನೋಡಿಕೊಳ್ಳುವುದು) ಆಫ್ ಮಾಡುವ ಮಾತಂತೂ ಬೇಡವೇ ಬೇಡ.

ಇನ್ನು ಕಾಯುವುದೇ ಬೇಡ ಅನ್ನುವುದಾದರೆ ಪತ್ರೋನಿಯ ಪ್ರೈಮರಿ ಸ್ಟಾರ್ಟ್ ಟೈಮ್‌ಔಟ್ 0 ಮಾಡಿ. ಸ್ಟ್ಯಾಂಡ್‌ಬೈ ತನಗೆ ಬರುವ ವಾಲ್ ಅನ್ನು ತನ್ನ ಡೇಟಾಗೆ ಸದಾ ಹಚ್ಚುತ್ತಲೇ ಇರುವುದರಿಂದ, ಹಿಂದೆ ಬಿದ್ದಿರದಿದ್ದರೆ ಪ್ರಮೋಟ್ ಆಗಲು ಕೆಲವೇ ಸೆಕೆಂಡ್ ಸಾಕು. ಆದರೆ ಪತ್ರೋನಿಯ ಸಿಂಕ್ರೊನಸ್ ಮೋಡ್ ಆನ್ ಮಾಡದೆ ಇದನ್ನು ಮುಟ್ಟಬೇಡಿ. ಅಸಿಂಕ್ರೊನಸ್‌ನಲ್ಲಿ 1 ಎಂಬಿ ತನಕ ಹಿಂದಿರುವ ಸ್ಟ್ಯಾಂಡ್‌ಬೈಯನ್ನೂ ಡಿಫಾಲ್ಟ್ ಆಗಿ ಅದು ಪ್ರಮೋಟ್ ಮಾಡುತ್ತದೆ. ಸಿಂಕ್ರೊನಸ್ ಮೋಡ್‌ನಲ್ಲಿ ಪ್ರತಿ ಕಮಿಟ್ಟೂ ಒಂದು ನೆಟ್‌ವರ್ಕ್ ಸುತ್ತು ಕಾಯಬೇಕು, ಆ ಬೆಲೆ ಕೊಡಲೇಬೇಕು. ಅಪ್ಲಿಕೇಶನ್‌ನಲ್ಲಿ ಎಲ್ಲಾದರೂ ಸಿಂಕ್ರೊನಸ್ ಕಮಿಟ್ ಅನ್ನು 'ಲೋಕಲ್' ಅಥವಾ 'ಆಫ್' ಅಂತ ಇಟ್ಟಿದ್ದಾರೋ ಹುಡುಕಿ, ಇಟ್ಟಿದ್ದರೆ ಆ ಟ್ರಾನ್ಸಾಕ್ಷನ್‌ಗಳಿಗೆ ಈ ರಕ್ಷಣೆ ಸಿಗುವುದಿಲ್ಲ.

ಕೆಲವೇ ಸೆಕೆಂಡಿನ ಡೇಟಾ ತಾನೇ ಅನ್ನುವವರು 2018ರ ಅಕ್ಟೋಬರ್ 21ರಂದು ಗಿಟ್‌ಹಬ್‌ನಲ್ಲಿ ಆದದ್ದನ್ನು ಓದಬೇಕು. ಅವರದು ಮೈಎಸ್‌ಕ್ಯೂಎಲ್ ಅನ್ನುವ ಬೇರೆ ಡೇಟಾಬೇಸ್. ನೆಟ್‌ವರ್ಕ್ ಕಡಿದದ್ದು ಬರೀ 43 ಸೆಕೆಂಡ್. ಅಷ್ಟರಲ್ಲಿ ಪ್ರೈಮರಿ ಅಮೆರಿಕದ ಪೂರ್ವ ಕರಾವಳಿಯಿಂದ ಪಶ್ಚಿಮಕ್ಕೆ ಹೋಯಿತು. ಪೂರ್ವದಲ್ಲಿ ಉಳಿದ ಚೂರು ರೈಟ್‌ಗಳು ಪಶ್ಚಿಮಕ್ಕೆ ತಲುಪಿರಲಿಲ್ಲ, ಎರಡನ್ನೂ ಹೊಂದಿಸಿ ಸೇವೆ ಪೂರ್ತಿ ಸರಿಯಾಗಲು 24 ಗಂಟೆಗೂ ಹೆಚ್ಚು ಬೇಕಾಯಿತು.

ಫೇಲ್‌ಓವರ್ ಆದಮೇಲೆ ಹಳೆಯ ಪ್ರೈಮರಿ ವಾಪಸ್ ಸೇರಬೇಕಲ್ಲ, ಅದಕ್ಕೆ ಪಿಜಿ ರಿವೈಂಡ್ (ಹಳೆಯ ಪ್ರೈಮರಿಯನ್ನು ಹೊಸದಕ್ಕೆ ಹೊಂದಿಸುವ ಟೂಲ್) ಬೇಕು. ಅದು ಕೆಲಸ ಮಾಡಲು ಡೇಟಾ ಚೆಕ್‌ಸಮ್ (ಪೇಜ್ ಕೆಟ್ಟಿದೆಯೇ ಅಂತ ಪತ್ತೆಹಚ್ಚುವುದು) ಅಥವಾ 'ವಾಲ್ ಲಾಗ್ ಹಿಂಟ್ಸ್' ಅನ್ನುವ ಸೆಟ್ಟಿಂಗ್ ಮೊದಲೇ ಆನ್ ಇರಬೇಕು. ವರ್ಶನ್ 18ರಿಂದ ಹೊಸ ಕ್ಲಸ್ಟರ್‌ಗಳಿಗೆ ಚೆಕ್‌ಸಮ್ ಡಿಫಾಲ್ಟ್ ಆಗಿ ಬರುತ್ತದೆ. ಹಳೆಯದಾದರೆ ಇವತ್ತೇ ನೋಡಿಕೊಳ್ಳಿ, ಇಲ್ಲದಿದ್ದರೆ ಇಡೀ ಬೇಸ್ ಬ್ಯಾಕಪ್ (ಡೇಟಾಬೇಸ್‌ನ ಪೂರ್ತಿ ಪ್ರತಿ) ಮತ್ತೆ ಎಳೆಯಬೇಕಾದೀತು.