ಚಿಪ್ ಹಾಕಿದ ಸೆಕೆಂಡ್ ಹ್ಯಾಂಡ್ ನಿಂಟೆಂಡೊ ಸ್ವಿಚ್ ತಗೊಳ್ಳಬಹುದಾ? ಗೇಮ್ ಎಲ್ಲಾ ಫ್ರೀ ಅಂತಾರೆ

ಉಪ್ಪಳದಲ್ಲಿ ಪರಿಚಯದವರೊಬ್ಬರು ದುಬೈಯಿಂದ ತಂದ, ಗೇಮ್ ಆಡುವ ಮಿಷನ್ ಆದ ಸ್ವಿಚ್ ಓಎಲ್‌ಇಡಿಗೆ ಕಂಪನಿಯ ಲಾಕ್ ದಾಟಿಸುವ ಚಿಪ್ ಹಾಕಿಸಿ, ಮೆಮೊರಿ ಕಾರ್ಡ್ ತುಂಬಾ ಗೇಮ್ ತುಂಬಿಸಿ, ಹೊಸದಕ್ಕಿಂತ ಜಾಸ್ತಿ ರೇಟ್ ಹೇಳ್ತಿದ್ದಾರೆ ಅಂತ ಬರೆದಿದ್ದೀರಿ. ಆ ರೇಟಿಗೆ ಬೇಡ.

ನಾನು ಕಾಸರಗೋಡಿನಲ್ಲಿ ಮೊಬೈಲ್ ರಿಪೇರಿ ಮಾಡುವವನು. ಇಂಥವು ನನ್ನ ಟೇಬಲ್ಲಿಗೂ ಬರುತ್ತವೆ. ನಿಂಟೆಂಡೊ ನಮ್ಮ ದೇಶದಲ್ಲಿ ನೇರವಾಗಿ ಮಾರುವುದಿಲ್ಲ. ನಮ್ಮ ಕಡೆ ಹೆಚ್ಚಿನವು ಗಲ್ಫಿನವರ ಪೆಟ್ಟಿಗೆಯಲ್ಲೇ ಬಂದವು. ವಾರಂಟಿ ಮಾತು ಬಿಡಿ.

2017ರ ಮೊದಲ ಮಾಡೆಲಿಗೆ ಚಿಪ್ಪೇ ಬೇಕಿರಲಿಲ್ಲ. ಅದರ ಪ್ರೊಸೆಸರಿನ ಯುಎಸ್‌ಬಿ ರಿಕವರಿಯಲ್ಲಿ (ಕೇಬಲ್ ಹಾಕಿ ರಿಪೇರಿ ಮಾಡುವ ಮೋಡ್) ಒಂದು ದೋಷ ಇತ್ತು, 2018ರಲ್ಲಿ ಬಯಲಾಯಿತು. ಫ್ಯಾಕ್ಟರಿಯಲ್ಲೇ ಕೂತ ಕೋಡ್ ಅದು, ಅಪ್‌ಡೇಟ್ ಕೊಟ್ಟು ಸರಿ ಮಾಡುವ ಹಾಗಿಲ್ಲ. ಆಮೇಲೆ ಬಂದ ಓಎಲ್‌ಇಡಿ ಮಾಡೆಲಿನಲ್ಲಿ ಆ ದಾರಿ ಮುಚ್ಚಿದೆ. ಹಾಗಾಗಿ ಚಿಪ್ಪನ್ನು ಬೋರ್ಡಿಗೆ ಬೆಸುಗೆ ಹಾಕಬೇಕು. ಆನ್ ಆಗುವಾಗ ಚಿಪ್ ಒಂದು ಕ್ಷಣ ಪ್ರೊಸೆಸರಿನ ವೋಲ್ಟೇಜ್ ಬೀಳಿಸುತ್ತದೆ, ಅಸಲಿಯೋ ನಕಲಿಯೋ ಅನ್ನುವ ಚೆಕ್ಕಿಂಗ್ ಅಷ್ಟರಲ್ಲಿ ತಪ್ಪಿಹೋಗುತ್ತದೆ. ಇದಕ್ಕೆ ಪ್ರೊಸೆಸರ್ ಪಕ್ಕದ ಕೆಪಾಸಿಟರುಗಳ ಮೇಲೆ ತೆಳ್ಳನೆ ರಿಬ್ಬನ್ ಕೂರಿಸಬೇಕು. ಅವು ರವೆ ಕಾಳಿನಷ್ಟು. ಮೈಕ್ರೋಸ್ಕೋಪ್ ಇಲ್ಲದೆ ಕೈ ಹಾಕಿದ ಬೋರ್ಡುಗಳನ್ನು ನೋಡಿದರೆ ಅಯ್ಯೋ ಅನಿಸುತ್ತದೆ. ಸ್ಟೋರೇಜ್ ಚಿಪ್ಪಿನ ಅಡಿಗೆ ತೂರಿಸಿದ ಪಟ್ಟಿ ಸ್ವಲ್ಪ ಜಾರಿದರೂ ಕತೆ ಮುಗೀತು.

ನೋಡಲು ಹೋದಾಗ ಪೂರ್ತಿ ಆಫ್ ಮಾಡಿಸಿ, ಮತ್ತೆ ಆನ್ ಮಾಡಿಸಿ. ಹೀಗೆ ನಾಲ್ಕಾರು ಸಲ. ಪ್ರತಿ ಸಲ ಬೇಗ ಎದ್ದರೆ ಸರಿ. ಸ್ಕ್ರೀನ್ ಕಪ್ಪಾಗಿ ಕಾಯಿಸಿದರೆ ಬೆಸುಗೆ ಸಡಿಲ. ಮೂಲ ಸ್ಟೋರೇಜಿನ ಬ್ಯಾಕಪ್ ಕೇಳಿ. "ಅದೆಂಥದ್ದು?" ಅಂದರೆ ಎದ್ದು ಬನ್ನಿ. ನಿಂಟೆಂಡೊದವರು ಆನ್‌ಲೈನ್ ಹೋಗದಂತೆ ಬ್ಯಾನ್ ಮಾಡಿದ್ದಾರಾ ಅಂತಲೂ ನೋಡಿ. ಬ್ಯಾನ್ ಆ ಮಿಷನ್ನಿಗೇ ಬೀಳುವುದು, ನೀವು ಹೊಸ ಅಕೌಂಟ್ ಮಾಡಿದರೂ ಹೋಗುವುದಿಲ್ಲ.

ಇನ್ನು ದುಡ್ಡಿನ ವಿಷಯ. ಒಳಗೆ ಓಡುತ್ತಿರುವುದು ಬಹುಶಃ ಅಟ್ಮಾಸ್ಫಿಯರ್, ಅಂದರೆ ಹ್ಯಾಕ್ ಮಾಡಿದ ಸ್ವಿಚ್ಚಿನಲ್ಲಿ ಹಾಕುವ ಸಾಫ್ಟ್‌ವೇರ್. ಬರೆದವರು ಅದನ್ನು ಫ್ರೀಯಾಗಿ, ಸೋರ್ಸ್ ಕೋಡ್ ಸಮೇತ ಕೊಟ್ಟಿದ್ದಾರೆ. ಗೇಮುಗಳೋ ಕದ್ದ ಕಾಪಿಗಳು. ಅಂದರೆ ಮಾರುವವರು ಕೇಳುತ್ತಿರುವ ಜಾಸ್ತಿ ದುಡ್ಡು ಬೇರೆಯವರ ಕೆಲಸದ್ದು. ಹ್ಯಾಕ್ ಮಾಡುವವರ ಮೇಲೆ ನನಗೆ ಗೌರವ ಇದೆ, ಈ ವ್ಯಾಪಾರದ ಮೇಲೆ ಇಲ್ಲ. ಚಿಪ್ಪು, ಲೈಸೆನ್ಸ್ ಅಂತ ಮಾರುತ್ತಿದ್ದ ಟೀಮ್ ಎಕ್ಸೆಕ್ಯೂಟರ್ ಅನ್ನುವ ಗುಂಪಿನ ಗ್ಯಾರಿ ಬೌಸರ್‌ಗೆ 2022ರಲ್ಲಿ ಅಮೆರಿಕದಲ್ಲಿ 40 ತಿಂಗಳ ಜೈಲಾಯಿತು. (ಮಾರಿಯೋ ಗೇಮಿನ ವಿಲನ್ ಹೆಸರೂ ಬೌಸರ್, ಸುಮ್ನೆ ಹೇಳಿದೆ.) ನಮ್ಮ ಕಾಪಿರೈಟ್ ಕಾಯ್ದೆಗೂ 2012ರಲ್ಲಿ 65ಎ ಅನ್ನುವ ಸೆಕ್ಷನ್ ಸೇರಿದೆ. ಹಕ್ಕು ಮುರಿಯಲೆಂದು ಇಂಥ ಲಾಕ್ ಒಡೆದರೆ 2 ವರ್ಷದವರೆಗೆ ಜೈಲು.

ಚಿಪ್ ಇಲ್ಲದ್ದು ಸಿಕ್ಕರೆ ಅದೇ ವಾಸಿ. ಸೆಕೆಂಡ್ ಹ್ಯಾಂಡ್ ಕಾರ್ಟ್ರಿಜ್ ತಗೊಂಡು, ಆಡಿ ಮುಗಿಸಿ ಮಾರಬಹುದಲ್ವಾ. ಇದೇ ಬೇಕು ಅಂತಿದ್ದರೆ, ಬರೀ ಹಳೇ ಸ್ವಿಚ್ಚಿನ ರೇಟಿಗಿಂತಲೂ ಕಡಿಮೆಗೆ ಕೇಳಿ, ಮೆಮೊರಿ ಕಾರ್ಡ್ ಅವರಿಗೇ ವಾಪಸ್ ಕೊಡಿ. 512 ಜಿಬಿ ಅಂತ ಬರೆದಿರುವ ಆ ಕಾರ್ಡುಗಳಲ್ಲೂ ನಕಲಿ ಬೇಕಾದಷ್ಟಿವೆ.